ಬೆಣ್ಣೆ ಮುಳುಗುವಾಗ

"ದೀಪಾವಳಿ ಈಸ್ ಎ ಫೆಸ್ಟಿವಲ್ ಆಫ್ ಲೈಟ್ಸ್."

ಈ ವಾಕ್ಯವನ್ನು ಎಷ್ಟು ಸಲ ಓದಿದ್ದೇನೋ ನನಗೇ ಲೆಕ್ಕ ಇಲ್ಲ. ಉಡುಪಿಯಿಂದ ಸ್ವಲ್ಪ ಒಳಗೆ, ಬಸ್ಸಿಳಿದು ಗದ್ದೆ ಬದಿಯಲ್ಲಿ ಹತ್ತು ನಿಮಿಷ ನಡೆದರೆ ಸಿಗುವ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್. ಕೆಲವು ವರ್ಷಗಳ ಹಿಂದೆ ದೀಪಾವಳಿ ಮುಗಿದ ವಾರ ಒಂಬತ್ತನೇ ತರಗತಿಗೆ 'ಮೈ ಫೇವರಿಟ್ ಫೆಸ್ಟಿವಲ್' ಅಂತ ಪ್ರಬಂಧ ಕೊಟ್ಟಿದ್ದೆ. 38 ನೋಟ್ ಪುಸ್ತಕ ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದು, ಊಟ ಮುಗಿಸಿ, ಕೆಂಪು ಪೆನ್ನು ಹಿಡಿದು ಕೂತೆ. ಮೊದಲ ಪುಸ್ತಕ: ಫೆಸ್ಟಿವಲ್ ಆಫ್ ಲೈಟ್ಸ್. ವೀ ವೇರ್ ನ್ಯೂ ಕ್ಲೋತ್ಸ್. ವೀ ಬರ್ಸ್ಟ್ ಕ್ರ್ಯಾಕರ್ಸ್. ವೀ ಈಟ್ ಸ್ವೀಟ್ಸ್. ಐ ಲೈಕ್ ದೀಪಾವಳಿ ವೆರಿ ಮಚ್. ಎರಡನೆಯದೂ ಅದೇ. ಹತ್ತನೆಯದೂ ಅದೇ. ಕ್ಯಾಥೊಲಿಕ್ ಹುಡುಗಿಯೂ ಅದನ್ನೇ ಬರೆದಿದ್ದಳು, ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ, ಹುಡುಗನೂ ಅದನ್ನೇ ಬರೆದಿದ್ದ. ಗೈಡಿನಲ್ಲಿ ಇದ್ದದ್ದು ಅದು. ಒಂದು ತಪ್ಪೂ ಇಲ್ಲ. ಕೆಂಪು ಪೆನ್ನಿಗೆ ಕೆಲಸವೇ ಇಲ್ಲ.

ನನಗೆ ಸಿಟ್ಟು ಬಂದದ್ದು ಕಾಪಿ ಹೊಡೆದದ್ದಕ್ಕಲ್ಲ. ಆ ಮಕ್ಕಳ ಮನೆಯ ದೀಪಾವಳಿ ನನಗೆ ಗೊತ್ತು. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಅಂಗಳದಲ್ಲಿ ಬಲಿಯೇಂದ್ರ, ಅಂದರೆ ಬಲಿ ಚಕ್ರವರ್ತಿಯನ್ನು, ನಿಲ್ಲಿಸುತ್ತಾರೆ. ಹಾಲೆ ಮರದ ಕಂಬ ನೆಟ್ಟು, ಹೂ ಕಟ್ಟಿ, ದೀಪ ಇಟ್ಟು, ರಾತ್ರಿ ಗದ್ದೆಗೆ ಹೋಗಿ ಅವಲಕ್ಕಿ ಹಾಕಿ "ಕೂ" ಅಂತ ಬಲಿಯನ್ನು ಕರೆಯುತ್ತಾರೆ. ಒಂದು ಗದ್ದೆಯಿಂದ ಕೂಗಿದರೆ ಆಚೆ ಗದ್ದೆಯಿಂದ ಇನ್ನೊಂದು ಕೂಗು ಬರುತ್ತದೆ. ಇಷ್ಟು ಚಂದದ್ದು ಬಿಟ್ಟು ಸ್ವೀಟ್ಸ್ ಅಂತ ಯಾಕೆ ಬರೆದಿರಿ ಮಾರಾಯ್ರೆ ಅಂತ ಮರುದಿನ ಕ್ಲಾಸಿನಲ್ಲಿ ಕೇಳಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ, "ಅದಕ್ಕೆ ಇಂಗ್ಲಿಷ್ ಇಲ್ಲ ಟೀಚರ್."

ಉಳಿದವರೆಲ್ಲ ಹೌದು ಹೌದು ಅಂದರು. ಅವರ ಲೆಕ್ಕದಲ್ಲಿ ಕ್ರ್ಯಾಕರ್ಸ್‌ಗೆ ಇಂಗ್ಲಿಷ್ ಉಂಟು, ಬಲಿಯೇಂದ್ರನಿಗೆ ಇಲ್ಲ. ಅಂದರೆ ಇಂಗ್ಲಿಷ್ ಅನ್ನುವುದು ಅಂಗಡಿಯಲ್ಲಿ ಸಿಗುವ ಸಾಮಾನಿನ ಹಾಗೆ. ಇದ್ದರೆ ತರಬಹುದು, ಇಲ್ಲದಿದ್ದರೆ ಸುಮ್ನೆ ಬರಬೇಕು.

ಡಿಸೆಂಬರ್ ಬಂತು. ನಾನು ದೊಡ್ಡ ಬುದ್ಧಿವಂತಿಕೆ ಅಂದುಕೊಂಡು ಒಂದು ಕ್ರಿಸ್ಮಸ್ ಪಾಠ ಮಾಡಿದೆ. ಡಿಕನ್ಸ್‌ನ ಆ ಪ್ರಸಿದ್ಧ ಕ್ರಿಸ್ಮಸ್ ಕತೆ, ಜಿಪುಣ ಮುದುಕನದ್ದು, ಅದು ಬಂದದ್ದು 1843ರ ಡಿಸೆಂಬರಿನಲ್ಲಿ. ಅದೇ ವರ್ಷ ಜುಲೈನಲ್ಲಿ ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದ್ದರು, ಕನ್ನಡದ ಮೊದಲ ಪತ್ರಿಕೆ. ಇದನ್ನು ಹೇಳಿದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಬೋರ್ಡಿನ ಮೇಲೆ ಹಿಮ, ಹೊಗೆಗೂಡು, ಅಗ್ಗಿಷ್ಟಿಕೆ ಎಲ್ಲ ಬಿಡಿಸಿದೆ. ಹೊರಗೆ ಬಿಸಿಲು, ನನ್ನ ಬೆನ್ನ ಮೇಲೆ ಬೆವರು. ಹಿಮ ಅಂದರೆ ಫ್ರಿಜ್ಜಿನ ಮೇಲಿನ ಡಬ್ಬದಲ್ಲಿ ಕಟ್ಟಿರ್ತದಲ್ಲ, ಅದೇ ಅಲ್ವಾ ಟೀಚರ್ ಅಂತ ಒಬ್ಬಳು ಕೇಳಿದಳು. ಹೌದು ಅಂದೆ, ಇನ್ನೇನು ಹೇಳುವುದು.

ಪಾಠ ಮುಗಿದ ಮೇಲೆ ಕ್ಯಾಥೊಲಿಕ್ ಹುಡುಗಿ ಬಂದು ಮೆಲ್ಲಗೆ ಹೇಳಿದಳು, "ನಮ್ಮ ಮನೆಯಲ್ಲಿ ಹೀಗೆಂತ ಇಲ್ಲ ಟೀಚರ್."

ಕ್ರಿಸ್ಮಸ್ ಆಚರಿಸುವ ಮಗುವನ್ನು ಎದುರಿಗೆ ಕೂರಿಸಿಕೊಂಡು ನಾನು ಅವಳಿಗೆ ಕ್ರಿಸ್ಮಸ್ ಪಾಠ ಮಾಡಿದ್ದೆ! ನಾಚಿಕೆ ಆಯಿತು. ನಿಮ್ಮ ಮನೆಯಲ್ಲಿ ಎಂತ ಉಂಟು, ನಾಳೆ ನೀನೇ ಹೇಳು ಅಂದೆ. ಮರುದಿನ ಅವಳು ಒಂದು ಡಬ್ಬಿ ಕುಸ್ವಾರ್ ತಂದಳು. ಮಂಗಳೂರಿನ ಕಡೆಯ ಕ್ರೈಸ್ತರ ಮನೆಯಲ್ಲಿ ಕ್ರಿಸ್ಮಸ್‌ಗೆ ಮಾಡಿ ಅಕ್ಕಪಕ್ಕದವರಿಗೆ ಹಂಚುವ ತಿಂಡಿಗಳ ಕಟ್ಟು ಅದು. ನೆವ್ರಿ, ಗುಳಿಯೊ, ತುಕ್ಡಿ, ಕೊಕ್ಕಿಸಾಂ, ಕಿಡಿಯೊ. ಅವಳು ಒಂದು ಕಿಡಿಯೊ ಎತ್ತಿ ಹಿಡಿದು, ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಹೇಳಿದಳು, "ದಿಸ್ ಈಸ್ ವರ್ಮ್. ಎವ್ರಿ ಕ್ರಿಸ್ಮಸ್ ವೀ ಈಟ್ ವರ್ಮ್ಸ್."

ಕೊಂಕಣಿಯಲ್ಲಿ ಕಿಡಿಯೊ ಅಂದರೆ ಹುಳ ಅಂತಲೇ ಅರ್ಥ. ತಿಂಡಿ ಸುರುಳಿ ಸುತ್ತಿದ ಹುಳದ ಹಾಗೇ ಇರುತ್ತದೆ. ಕ್ಲಾಸು ಎದ್ದು ಕೂತಿತು. ಹೌ, ಹೌ ಅಂತ ಎಲ್ಲ ಕಡೆಯಿಂದ. ಹೇಗೆ ಮಾಡುವುದು ಅಂತ ಅವಳು ಹೇಳಬೇಕಾಯಿತು. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೋ, ಹೊಸ ಬಾಚಣಿಗೆಯ ಮೇಲೋ ಇಟ್ಟು ಒತ್ತಿ, ಹಾಗೇ ಸುರುಳಿ ಸುತ್ತಿ ತೆಗೆಯಬೇಕು, ಆಗ ಮೈಮೇಲೆ ಗೆರೆ ಬೀಳುತ್ತದೆ. ಅವಳಿಗೆ ಗೊತ್ತಿದ್ದದ್ದು 'ಮೇಕ್' ಒಂದೇ. ಮೇಕ್ ಬಾಲ್, ಮೇಕ್ ಲೈಕ್ ದಿಸ್, ಮೇಕ್ ರೌಂಡ್. ಕೈ ಮಾತ್ರ ಗಾಳಿಯಲ್ಲಿ ಒತ್ತುತ್ತಿತ್ತು, ಸುತ್ತುತ್ತಿತ್ತು. ಆ ಕೈ ನೋಡುತ್ತಾ ನಾನು ಒಂದೊಂದೇ ಪದ ಕೊಟ್ಟೆ. ಪ್ರೆಸ್. ರೋಲ್. ಕರ್ಲ್. ಅವಳು ಆ ಪದಗಳನ್ನು ಹಸಿದವರು ಅನ್ನ ತೆಗೆದುಕೊಂಡ ಹಾಗೆ ತೆಗೆದುಕೊಂಡಳು. ವರ್ಷವಿಡೀ ಪದಕೋಶ ಬರೆಸಿದಾಗ ಒಮ್ಮೆಯೂ ಹಾಗೆ ತೆಗೆದುಕೊಂಡದ್ದು ನಾನು ನೋಡಿರಲಿಲ್ಲ.

ಆವತ್ತು ನನಗೆ ಒಂದು ವಿಷಯ ಹೊಳೆಯಿತು. ನಾವು ಇಂಗ್ಲಿಷ್ ಕ್ಲಾಸಿನಲ್ಲಿ ಯಾವಾಗಲೂ ನಮಗೆ ಉತ್ತರ ಗೊತ್ತಿರುವುದನ್ನೇ ಕೇಳುತ್ತೇವೆ. ವಾಟ್ ಈಸ್ ಯುವರ್ ನೇಮ್ ಅಂತ ಹೆಸರು ಗೊತ್ತಿದ್ದವರನ್ನೇ ಕೇಳುತ್ತೇವೆ. ದೀಪಾವಳಿ ಬಗ್ಗೆ ದೀಪಾವಳಿ ಗೊತ್ತಿರುವ ಟೀಚರಿಗೆ ಬರೆಯಲು ಹೇಳುತ್ತೇವೆ. ಗೊತ್ತಿರುವವರಿಗೆ ಹೇಳುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಗೈಡಿನ ಐದು ವಾಕ್ಯ ಸಾಕು. ಎದುರಿಗೆ ಇರುವವನಿಗೆ ಗೊತ್ತಿಲ್ಲದ್ದು ನಮ್ಮಲ್ಲಿ ಇದ್ದರೆ ಮಾತ್ರ ಬಾಯಿ ತುರಿಸುತ್ತದೆ. ಅದು ತುಳುವಾದರೂ ಅಷ್ಟೆ, ಇಂಗ್ಲಿಷಾದರೂ ಅಷ್ಟೆ.

ಮಕ್ಕಳ ಸಂಸ್ಕೃತಿಗೆ ಹೊಂದಿಸಿ ಪಾಠ ಮಾಡಿ ಅಂತ ಟ್ರೈನಿಂಗ್‌ಗಳಲ್ಲಿ ಹೇಳುತ್ತಾರೆ. ಕೊನೆಗೆ ಅದು ಏನಾಗುತ್ತದೆ ಅಂದರೆ, ಟಾಮ್ ಇದ್ದಲ್ಲಿ ರಾಮು ಬರುತ್ತಾನೆ, ಆ್ಯಪಲ್ ಇದ್ದಲ್ಲಿ ಮ್ಯಾಂಗೋ ಬರುತ್ತದೆ. ರಾಮು ಮಾವಿನಹಣ್ಣು ತಿಂದರೂ ಪಾಠ ಮೊದಲಿನ ಹಾಗೇ ಸಪ್ಪೆ.

ಮುಂದಿನ ಜೂನಿನಲ್ಲಿ ಅದೇ ಮಕ್ಕಳು ಹತ್ತನೆಗೆ ಬಂದರು. ಮೊದಲ ದಿನ 'ಹಾಲಿಡೇ' ಪದ ಹಿಡಿದೆ. ರಜೆ ಅಂದರು ಎಲ್ಲರೂ. ಅದು ಹಳೆಯ ಇಂಗ್ಲಿಷಿನ 'ಹೋಲಿ ಡೇ', ಪವಿತ್ರ ದಿನ, ಆಮೇಲೆ ಪವಿತ್ರ ಹೋಗಿ ರಜೆ ಉಳಿಯಿತು ಅಂದೆ. ನಮ್ಮಲ್ಲೂ ಹಾಗೇ ಅಲ್ವಾ ಟೀಚರ್ ಅಂದ ಒಬ್ಬ. ನಿಮ್ಮ ಮನೆಯಲ್ಲಿ ಹಬ್ಬಕ್ಕೆ ಏನನ್ನುತ್ತೀರಿ ಅಂತ ಕೇಳಿದೆ. ಬೋರ್ಡಿನ ಮೇಲೆ ಸಾಲಾಗಿ ಬಂದವು: ಹಬ್ಬ, ಪರ್ಬ, ಫೆಸ್ತ್, ಪೆರ್ನಾಲ್. ಒಂದೇ ಕ್ಲಾಸು, ನಾಲ್ಕು ಪದ. ಕೊಂಕಣಿಯ ಫೆಸ್ತ್ ಪೋರ್ಚುಗೀಸರಿಂದ ಬಂದದ್ದು, ಇಂಗ್ಲಿಷಿನ ಫೀಸ್ಟ್ ಮತ್ತು ಫೆಸ್ಟಿವಲ್ ಕೂಡ ಅದೇ ಲ್ಯಾಟಿನ್ ಬುಡದ್ದು ಅಂತ ಹೇಳಿದಾಗ ಕಿಡಿಯೊ ಹುಡುಗಿ ತನ್ನ ಸಂಬಂಧಿಕರು ಎಲ್ಲೋ ಸಿಕ್ಕಿದ ಹಾಗೆ ನಕ್ಕಳು.

ಆಮೇಲೆ ಎರಡು ನಿಯಮ ಮಾಡಿದೆ. ಒಂದು, ನಿಮ್ಮ ಮನೆಯಲ್ಲಿ ಊಟ ಮಾಡದವರಿಗೆ ಹೇಳಬೇಕು, ಅವರು ಪ್ರಶ್ನೆ ಕೇಳಬೇಕು. ಎರಡು, 'ಲೈಕ್' ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಈ ಎರಡನೆಯದಕ್ಕೆ ಕಾರಣ ಇದೆ. ಈಗಿನ ಮಕ್ಕಳಿಗೆ ಹ್ಯಾಲೋವೀನ್ ಗೊತ್ತು, ಮೊಬೈಲಿನ ದಯೆ. 'ಆಟಿ ಕಳೆಂಜ ಈಸ್ ಲೈಕ್ ಹ್ಯಾಲೋವೀನ್' ಅಂತ ಒಬ್ಬಳು ಬರೆದಳು. ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು, ಕಳೆಂಜ ಆಗ ಬರುವ ಜಾನಪದ ವೇಷ. ವೇಷ ಹಾಕುತ್ತಾರೆ, ಮನೆ ಮನೆಗೆ ಬರುತ್ತಾರೆ, ಏನೋ ಕೊಡುತ್ತೇವೆ. ಮುಗಿಯಿತು. ಹಾಗೆ ಬರೆದ ಕೂಡಲೇ ತಾಳೆ ಗರಿಯ ಕೊಡೆ ಹೋಯಿತು, ಮಳೆಗಾಲದ ಮಾರಿ ಕಳೆಯುವುದು ಹೋಯಿತು, ಕೊಡುವ ಅಕ್ಕಿ, ಉಪ್ಪು, ಮೆಣಸು, ಅರಸಿನ ಎಲ್ಲ ಹೋಯಿತು. ಹ್ಯಾಲೋವೀನೂ ಹೋಯಿತು. ಅದು ನವೆಂಬರ್ 1ರ ಸಕಲ ಸಂತರ ಹಬ್ಬದ ಹಿಂದಿನ ಸಂಜೆ, ಮರುದಿನ 2ಕ್ಕೆ ತೀರಿಕೊಂಡವರ ದಿನ. ಇಲ್ಲಿಯ ಇಗರ್ಜಿಗಳಲ್ಲಿ ಆವತ್ತು ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಕುಂಬಳಕಾಯಿ ಮುಖವಾಡದ ಹಿಂದೆ ಇಂಥ ಒಂದು ದಿನ ಇದೆ ಅಂತ ಕ್ಲಾಸಿನಲ್ಲಿ ಮೂರು ಮಕ್ಕಳಿಗೆ ಮಾತ್ರ ಗೊತ್ತಿತ್ತು.

ಮೊದಲ ಸರದಿ ಯಾರಿಗೂ ಅಂದಾಜಿಲ್ಲದವನಿಗೆ ಬಂತು. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ. ತುಳು ಬಾರದ ಕಾರಣ ಯಾವಾಗಲೂ ಬದಿಗೆ ಕೂರುತ್ತಿದ್ದ. ಜೂನಿನ ಆ ಅಮಾವಾಸ್ಯೆಗೆ ಅವರ ಊರಲ್ಲಿ ಮಣ್ಣಿನ ಎತ್ತು ಮಾಡಿ ಪೂಜೆ ಮಾಡುತ್ತಾರೆ, ಮಣ್ಣೆತ್ತಿನ ಅಮಾವಾಸ್ಯೆ. ಇಲ್ಲಿ ಯಾರಿಗೂ ಗೊತ್ತಿಲ್ಲ. ಅವನು ಅಂಗಳದಿಂದ ಮಣ್ಣು ತಂದು, ಡೆಸ್ಕಿನ ಮೇಲೆ ಕಲಸಿ, ಎತ್ತು ಮಾಡಲು ಹೊರಟ. ಕಾಲು ನಿಲ್ಲಲಿಲ್ಲ. "ಈ ಮಣ್ಣು ನಿಲ್ಲಂಗಿಲ್ರಿ ಟೀಚರ್, ನಮ್ದು ಎರಿ ಮಣ್ಣು" ಅಂದ. ನಮ್ಮದು ಮುರಕಲ್ಲಿನ ಕೆಂಪು ಮಣ್ಣು, ಜರಿಜರಿ. ಅದನ್ನು ಇಂಗ್ಲಿಷಿನಲ್ಲಿ ಹೇಳು ಅಂದೆ. ಸ್ವಲ್ಪ ಹೊತ್ತು ಮಣ್ಣನ್ನೇ ನೋಡುತ್ತಾ ನಿಂತ. "ಯುವರ್ ಸಾಯ್ಲ್ ಈಸ್ ರೆಡ್. ಮೈ ಸಾಯ್ಲ್ ಈಸ್ ಬ್ಲ್ಯಾಕ್. ಯುವರ್ ಸಾಯ್ಲ್ ಕೆನಾಟ್ ಸ್ಟ್ಯಾಂಡ್." ಹತ್ತನೇ ತರಗತಿಯ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಮೂರು ವಾಕ್ಯ ನನಗೆ ಸಿಗಲಿಲ್ಲ. ಊರು ಬಿಟ್ಟು ಬಂದದ್ದು ಪೂರ್ತಿ ಅದರಲ್ಲೇ ಇತ್ತು, ಅವನಿಗೆ ಅದು ಗೊತ್ತಿರಲಿಲ್ಲ.

ಆಟಿ ತಿಂಗಳು ಬಂತು. ಪ್ಯಾಸಿವ್ ವಾಯ್ಸ್ ಪಾಠವೂ ಬಂತು. ಕಲಿಸಿದವರಿಗೆ ಗೊತ್ತು ಅದರ ಕಷ್ಟ. 'ರಾಮ ಈಟ್ಸ್ ಎ ಮ್ಯಾಂಗೋ, ಎ ಮ್ಯಾಂಗೋ ಈಸ್ ಈಟನ್ ಬೈ ರಾಮ.' ಯಾವ ಮನುಷ್ಯ ಹೀಗೆ ಮಾತಾಡುತ್ತಾನೆ ಹೇಳಿ? ಆಟಿ ಅಮಾವಾಸ್ಯೆಯ ಮರುದಿನ ಹಿಂದಿನ ಬೆಂಚಿನವನನ್ನು, ಅದೇ 'ಇಂಗ್ಲಿಷ್ ಇಲ್ಲ' ಅಂದವನನ್ನು, ಎದುರಿಗೆ ನಿಲ್ಲಿಸಿದೆ. ಬ್ಯಾರಿ ಹುಡುಗ ಪ್ರಶ್ನೆ ಕೇಳುವವನು.

ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ದಿನ ಅದು. ಹಿಂದಿನ ದಿನವೇ ಮರ ಗುರುತು ಮಾಡಿಟ್ಟು, ಬೆಳಕು ಹರಿಯುವ ಮೊದಲು ಹೋಗಿ ತೊಗಟೆ ತರಬೇಕು. ಕಬ್ಬಿಣ ಮುಟ್ಟಿಸುವ ಹಾಗಿಲ್ಲ, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಅರೆದು, ರಸ ತೆಗೆದು, ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ, ಬಿಳಿ ಕಲ್ಲನ್ನು ಕೆಂಡದಲ್ಲಿ ಕಾಯಿಸಿ ಅದರಲ್ಲಿ ಮುಳುಗಿಸುತ್ತಾರೆ. ಚುಂಯ್ ಅನ್ನುತ್ತದೆ. ಬರಿ ಹೊಟ್ಟೆಗೆ ಕುಡಿಯಬೇಕು. ಕಹಿ ಅಂದರೆ ಎಂಥ ಕಹಿ, ನಾಲಗೆ ಅಲ್ಲಿಯೇ ಬಿಟ್ಟು ಓಡಬೇಕು ಅನಿಸುವಷ್ಟು. ಮೇಲಿಂದ ಮೆಂತೆ ಗಂಜಿ.

"ಹೂ ಕಟ್ಸ್ ಇಟ್?" ಅಂತ ಬ್ಯಾರಿ ಹುಡುಗ ಕೇಳಿದ.

"ಎನಿಬಡಿ. ನಾಟ್ ಇಂಪಾರ್ಟೆಂಟ್. ವಿತ್ ಸ್ಟೋನ್, ದಟ್ ಈಸ್ ಇಂಪಾರ್ಟೆಂಟ್."

ನಾನು ಸೀಮೆಸುಣ್ಣ ತೆಗೆದೆ. ನೋಡಿ, ಯಾರು ಮಾಡಿದರು ಅನ್ನುವುದು ಮುಖ್ಯ ಅಲ್ಲ, ಏನಾಯಿತು ಅನ್ನುವುದು ಮುಖ್ಯ ಅಂತ ಅವನೇ ಹೇಳಿದ, ಅದಕ್ಕೇ ಇರುವುದು ಪ್ಯಾಸಿವ್ ವಾಯ್ಸ್. 'ದ ಬಾರ್ಕ್ ಈಸ್ ಟೇಕನ್ ಬಿಫೋರ್ ಸನ್‌ರೈಸ್. ಇಟ್ ಈಸ್ ನಾಟ್ ಕಟ್ ವಿತ್ ಎ ನೈಫ್. ಎ ವೈಟ್ ಸ್ಟೋನ್ ಈಸ್ ಹೀಟೆಡ್.' ರಾಮನ ಮಾವಿನಹಣ್ಣು ಆವತ್ತಿನಿಂದ ನನ್ನ ಕ್ಲಾಸಿನಲ್ಲಿ ಇಲ್ಲ.

ಇಲ್ಲಿ ಇನ್ನೊಂದು ಮಾತು. ಮರ ತಪ್ಪಿ ಕಾಸರಕನ ತೊಗಟೆ ತಂದು ಕುಡಿದು ಜೀವಕ್ಕೇ ಕುತ್ತು ತಂದುಕೊಂಡ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಕೇಳಿದ್ದೇವೆ. ಕಾಸರಕದಲ್ಲಿ ಸ್ಟ್ರಿಕ್ನಿನ್ ಅನ್ನುವ ವಿಷ ಇದೆ. ಹಾಗಾಗಿ ಮಸ್ಟ್ ಮತ್ತು ಮಸ್ಟ್ ನಾಟ್ ಕೂಡ ಅದೇ ಪೀರಿಯಡ್ಡಿನಲ್ಲಿ ಮುಗಿಯಿತು. ಯಾರೂ ಮರೆಯಲಿಲ್ಲ.

ಹಾಲೆ ಮರಕ್ಕೆ ಇಂಗ್ಲಿಷ್ ಉಂಟಾ ಅಂತ ಹಿಂದಿನ ಬೆಂಚಿನವನು ಕೇಳಿದ, ಸ್ವಲ್ಪ ಸವಾಲಿನ ದನಿಯಲ್ಲೇ. ಎರಡು ಉಂಟು. ಒಂದು ಡೆವಿಲ್ ಟ್ರೀ. ಇನ್ನೊಂದು ಬ್ಲ್ಯಾಕ್‌ಬೋರ್ಡ್ ಟ್ರೀ. ಹಿಂದಿನ ಕಾಲದಲ್ಲಿ ಮಕ್ಕಳು ಬರೆಯುವ ಹಲಗೆಯನ್ನು ಅದರ ಮರದಿಂದ ಮಾಡುತ್ತಿದ್ದರು. ಅದರ ಸಸ್ಯಶಾಸ್ತ್ರದ ಹೆಸರು ಆಲ್ಸ್ಟೋನಿಯಾ ಸ್ಕಾಲಾರಿಸ್, ಆ ಸ್ಕಾಲಾರಿಸ್ ಬಂದದ್ದೇ ಶಾಲೆಯಿಂದ. ಅವನು ಬೋರ್ಡನ್ನು ನೋಡಿದ, ನನ್ನನ್ನು ನೋಡಿದ. "ಹಾಗಾದರೆ ನಾವು ಬೋರ್ಡು ಅರೆದು ಕುಡಿದದ್ದಾ ಟೀಚರ್?"

ಮೊಂತಿ ಫೆಸ್ತ್ ಸೆಪ್ಟೆಂಬರ್ 8ಕ್ಕೆ. ಮೇರಿ ಮಾತೆ ಹುಟ್ಟಿದ ದಿನ, ಜೊತೆಗೆ ಹೊಸ ತೆನೆಯ ಹಬ್ಬ. ಆವತ್ತು ಕ್ಯಾಥೊಲಿಕರ ಮನೆಯಲ್ಲಿ ಮೀನು ಮಾಂಸ ಇಲ್ಲ, ಬರೀ ತರಕಾರಿ, ಬಗೆಗಳ ಲೆಕ್ಕ ಬೆಸ ಸಂಖ್ಯೆಯಲ್ಲಿ. ತುಳುವರಿಗೂ ಹೊಸ ಅಕ್ಕಿ ಊಟ ಇದ್ದೇ ಇದೆ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಪಾಠ ಅದರ ಬೆನ್ನಿಗೇ ಸುಲಭವಾಗಿ ಹೋಯಿತು: 1621ರ ಕೊಯ್ಲಿನ ಊಟ, 1863ರಲ್ಲಿ ಲಿಂಕನ್ ಇಡೀ ದೇಶಕ್ಕೆ ಅಂತ ಘೋಷಿಸಿದ್ದು, ಈಗ ನವೆಂಬರಿನ ನಾಲ್ಕನೇ ಗುರುವಾರ. ಇದರಲ್ಲಿ ನನಗೆ ಅಂಥ ವಿಶೇಷ ಏನೂ ಕಾಣಲಿಲ್ಲ, ಮಕ್ಕಳಿಗೂ ಕಾಣಲಿಲ್ಲ.

ಎಲ್ಲ ಚಂದ ಆಯಿತು ಅಂತ ತಿಳಿಯಬೇಡಿ. ಪೋರ್ಶನ್ ಹಿಂದೆ ಬಿತ್ತು. ಇಂಗ್ಲಿಷ್ ಕ್ಲಾಸಿನಲ್ಲಿ ಕಷಾಯ ಯಾಕೆ ಟೀಚರೇ ಅಂತ ಒಬ್ಬರು ತಾಯಿ ಬಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಪರೀಕ್ಷೆಯಲ್ಲಿ ಗೈಡಿನ ಐದು ವಾಕ್ಯಕ್ಕೆ ಇವತ್ತಿಗೂ ಪೂರ್ತಿ ಮಾರ್ಕ್ಸ್ ಸಿಗುತ್ತದೆ. ಪರೀಕ್ಷೆಯಲ್ಲಿ ಫೆಸ್ಟಿವಲ್ ಆಫ್ ಲೈಟ್ಸೇ ಬರೆಯಿರಿ, ಸುಮ್ನೆ ರಿಸ್ಕ್ ಬೇಡ ಅಂತ ನಾನೇ ಹೇಳಿದ್ದೇನೆ. ಮತ್ತೆ, ಮನೆಯಲ್ಲಿ ಸಾವಾಗಿ ಆ ವರ್ಷ ಯಾವ ಹಬ್ಬವೂ ಇಲ್ಲದ ಒಬ್ಬಳ ಸರದಿಯನ್ನು ಗೊತ್ತಿಲ್ಲದೆ ಕರೆದುಬಿಟ್ಟೆ. ಅವಳು "ನೋ ಫೆಸ್ಟಿವಲ್ ದಿಸ್ ಇಯರ್" ಅಂತ ಹೇಳಿ ಕೂತಳು. ಯಾರೂ ಪ್ರಶ್ನೆ ಕೇಳಲಿಲ್ಲ.

ಒಂದು ವರ್ಷ ಸುತ್ತಿ ಮತ್ತೆ ದೀಪಾವಳಿ ಬಂತು. ಈ ಸಲ ಪ್ರಬಂಧ ಕೊಡಲಿಲ್ಲ. ಬಲಿಯೇಂದ್ರನನ್ನು ಕರೆಯುವಾಗ ನಿಮ್ಮ ಅಜ್ಜ ಏನು ಹೇಳುತ್ತಾರೋ ಕೇಳಿಕೊಂಡು ಬನ್ನಿ ಅಂದೆ. ಬಲಿ ತನ್ನ ಭೂಮಿ ಯಾವಾಗ ವಾಪಸ್ ಸಿಗುತ್ತದೆ ಅಂತ ಕೇಳುತ್ತಾನೆ. ಅದಕ್ಕೆ ಸಿಗುವ ಉತ್ತರ ಮನೆಯಿಂದ ಮನೆಗೆ ಸ್ವಲ್ಪ ಬೇರೆ. ಮಕ್ಕಳು ತಂದದ್ದು ಇಷ್ಟು: ಬಿಳಿ ಕಲ್ಲು ಹೂ ಬಿಟ್ಟಾಗ, ಉಪ್ಪು ಕರ್ಪೂರವಾದಾಗ, ಉದ್ದು ಮದ್ದಳೆಯಾದಾಗ, ಗುಲಗಂಜಿಯ ಕಪ್ಪು ಕಲೆ ಮಾಸಿದಾಗ, ಮಜ್ಜಿಗೆಯಲ್ಲಿ ಬೆಣ್ಣೆ ಮುಳುಗಿದಾಗ. ಅಂದರೆ ಯಾವಾಗಲೂ ಇಲ್ಲ. ಅಲ್ಲಿವರೆಗೆ ವರ್ಷಕ್ಕೆ ಮೂರು ದಿನ ಬಂದು ಹೋಗು.

ಇಂಗ್ಲಿಷಿನವರು ಇಂಥದ್ದಕ್ಕೆ ಹಂದಿ ಹಾರುವಾಗ ಅನ್ನುತ್ತಾರೆ ಅಂದೆ. ಹಂದಿಗಿಂತ ನಮ್ಮದೇ ಚಂದ ಅಂದರು. ಒಪ್ಪಿದೆ. ಆಮೇಲೆ ಸಿಲೆಬಸ್ಸಿನಲ್ಲಿ ಇಲ್ಲದ, ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಕತೆ ಶುರು ಮಾಡಿದೆ. ಮಕ್ಕಳಿಗಾಗಿ ಚಾರ್ಲ್ಸ್ ಲ್ಯಾಂಬ್ 1807ರಲ್ಲಿ ಗದ್ಯದಲ್ಲಿ ಬರೆದದ್ದನ್ನು ಇನ್ನೂ ಸುಲಭ ಮಾಡಿ, ಸ್ವಲ್ಪ ಇಂಗ್ಲಿಷ್, ಸ್ವಲ್ಪ ಕನ್ನಡ, ಯುದ್ಧ ಬಂದಾಗ ಸ್ವಲ್ಪ ಯಕ್ಷಗಾನ. ಬರ್ನಮ್ ಕಾಡು ಎದ್ದು ಡನ್ಸಿನೇನ್ ಬೆಟ್ಟಕ್ಕೆ ಬರುವವರೆಗೆ ನಿನಗೆ ಸೋಲಿಲ್ಲ ಅಂತ ಭೂತ ಹೇಳುತ್ತದೆ. ಹೆಣ್ಣು ಹೆತ್ತ ಮಗ ಯಾವನಿಂದಲೂ ನಿನಗೆ ಅಪಾಯ ಇಲ್ಲ ಅಂತ ಇನ್ನೊಂದು. ಮ್ಯಾಕ್‌ಬೆತ್ ನಿಶ್ಚಿಂತೆಯಿಂದ ಕೂತ. ಕಾಡು ನಡೆಯುವುದುಂಟೇ?

"ಟೀಚರ್, ಇದು ಹಿರಣ್ಯಕಶಿಪು" ಅಂತ ಯಕ್ಷಗಾನ ಕಲಿಯುವ ಹುಡುಗಿ ಕೂಗಿದಳು. ಒಳಗಲ್ಲ, ಹೊರಗಲ್ಲ, ಮನುಷ್ಯನಿಂದಲ್ಲ, ಪ್ರಾಣಿಯಿಂದಲ್ಲ. "ಇದರಲ್ಲೂ ಒಂದು ಸಂದು ಇರ್ತದೆ, ನೋಡಿ ಬೇಕಾದರೆ."

ಇತ್ತು. ಸೈನಿಕರು ಕಾಡಿನ ಕೊಂಬೆ ಕಡಿದು ಎದುರಿಗೆ ಹಿಡಿದುಕೊಂಡು ನಡೆದರು, ಕಾಡು ನಡೆದು ಬಂದ ಹಾಗಾಯಿತು. ಮ್ಯಾಕ್‌ಬೆತ್‌ನನ್ನು ಕೊಂದ ಮ್ಯಾಕ್‌ಡಫ್‌ನನ್ನು ತಾಯಿಯ ಹೊಟ್ಟೆ ಕೊಯ್ದು ತೆಗೆದದ್ದು. "ಸಿಸೇರಿಯನ್!" ಅಂತ ನಾಲ್ಕು ಕಡೆಯಿಂದ. ನಾನು ಇನ್ನೂ ಹೇಳುವವಳಿದ್ದೆ, ವೆನ್ ಮತ್ತು ಇಫ್ ನಡುವಿನ ವ್ಯತ್ಯಾಸ, ಯಾವುದಕ್ಕೆ ವಿಲ್ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನವನು ಕೈ ಎತ್ತಿದ. ಅವನು ಕೈ ಎತ್ತಿದ್ದು ನಾನು ನೋಡಿದ್ದು ಅದೇ ಮೊದಲು. ನೋಟ್ ಪುಸ್ತಕ ನೋಡಿ ನಿಧಾನ ಓದಿದ.

"ಇಫ್ ವೀ ಪುಟ್ ಸ್ಟೋನ್ ಇನ್‌ಸೈಡ್ ದ ಬಟರ್, ಇಟ್ ವಿಲ್ ಸಿಂಕ್. ದೆನ್ ಬಲಿ ವಿಲ್ ಕಮ್."

ಒಂದು ಕ್ಷಣ ಸದ್ದಿಲ್ಲ. ಆಮೇಲೆ ಗಲಾಟೆಯೋ ಗಲಾಟೆ. ದಿಸ್ ಈಸ್ ಚೀಟಿಂಗ್ ಅಂತ ಒಬ್ಬಳು. ಬರ್ನಮ್ ಈಸ್ ಆಲ್ಸೋ ಚೀಟಿಂಗ್ ಅಂತ ಬ್ಯಾರಿ ಹುಡುಗ. ಕಿಡಿಯೊ ಹುಡುಗಿಗೆ ಬಲಿಯ ಕತೆ ಗೊತ್ತಾಗಿಯೇ ಹತ್ತು ದಿನ ಆಗಿರಲಿಲ್ಲ, ಅವಳು ಎದ್ದು ನಿಂತು "ವಾಮನ ಚೀಟೆಡ್ ಫಸ್ಟ್!" ಅಂದಳು. ಬೆಲ್ ಹೊಡೆದರೂ ಕೇಳಲಿಲ್ಲ. ಪಕ್ಕದ ಕ್ಲಾಸಿನ ಮೇಷ್ಟ್ರು ಬಾಗಿಲಲ್ಲಿ ಇಣುಕಿ ನೋಡಿ ಹೋದರು.

ಮರುದಿನ ಅವನು ಮನೆಯಿಂದ ಒಂದು ಬಾಟಲಿ ಮಜ್ಜಿಗೆ, ಬಾಳೆ ಎಲೆಯಲ್ಲಿ ಒಂದು ಮುದ್ದೆ ಬೆಣ್ಣೆ, ಜೇಬಿನಲ್ಲಿ ಒಂದು ಬಿಳಿ ಕಲ್ಲು ತಂದಿದ್ದ. ಸ್ಟಾಫ್ ರೂಮಿನ ಸ್ಟೀಲ್ ಲೋಟ ಕೊಟ್ಟೆ. ಎಲ್ಲರೂ ಡೆಸ್ಕಿನ ಸುತ್ತ ಮುಗಿಬಿದ್ದರು. ಕಲ್ಲನ್ನು ಬೆಣ್ಣೆಯೊಳಗೆ ಒತ್ತಿ, ಉಂಡೆ ಮಾಡಿ, ಮೆಲ್ಲಗೆ ಬಿಟ್ಟ. ಮುಳುಗಿತು. ಕೂ ಅಂತ ಯಾರೋ ಕೂಗಿದರು. ಅಷ್ಟರಲ್ಲಿ ಲೋಟದ ತಳದಲ್ಲಿ ಟಣ್ ಅಂತ ಸಣ್ಣ ಸದ್ದು. ಬೆಣ್ಣೆ ನಿಧಾನವಾಗಿ ಮೇಲೆ ಬಂದು ತೇಲಿತು.

ಅವನು ಲೋಟವನ್ನೇ ನೋಡುತ್ತಾ ನಿಂತ. ಆಮೇಲೆ ಹೋಗಿ ನೋಟ್ ಪುಸ್ತಕ ತೆಗೆದು ಬರೆದ. ಸಂಜೆ ಕೆಂಪು ಪೆನ್ನು ಹಿಡಿದು ಓದಿದೆ: "ಸ್ಟೋನ್ ಸ್ಯಾಂಕ್. ಬಟರ್ ಡಿಡ್ ನಾಟ್ ಸಿಂಕ್. ನೆಕ್ಸ್ಟ್ ಇಯರ್ ವೀ ವಿಲ್ ಟೈ ವಿತ್ ಥ್ರೆಡ್."